ಇನ್ನೊಂದ್ಸಲ ನೋಡ್ಕೊಂಡು ಬಂದ್ಬುಡ್ತೀನಿ

ನಮ್ಮ ಸೋದರಮಾವ ತಮ್ಮ ಮದುವೆಯಲ್ಲಿ ತಾಳಿ ಕಟ್ಟಿ ಮೂರನೆಯ ಗಂಟನ್ನೂ ಹಾಕಿದ ಮೇಲೆ, ಅದು ಭದ್ರವಾಗಿದೆಯೋ ಇಲ್ಲವೋ ಎಂದು ಎಳೆದು ನೋಡಿದರಂತೆ. ಮೆಲ್ಲಗೆ ಅಲ್ಲ, ಬಾವಿಗೆ ಕೊಡ ಬಿಡುವ ಮೊದಲು ಹಗ್ಗ ಎಳೆದು ನೋಡುತ್ತಾರಲ್ಲ, ಹಾಗೆ. ನಮ್ಮತ್ತೆಯ ಕತ್ತು ಹಿಂದಕ್ಕೆ ವಾಲಿತು, ಓಲಗದವರು ಊದುವುದನ್ನು ನಿಲ್ಲಿಸಿದರು, ಅಕ್ಷತೆ ಹಿಡಿದು ನಿಂತಿದ್ದವರ ಕೈ ಮೇಲೆದ್ದು ಅಲ್ಲೇ ನಿಂತಿತು. ಮಾವ ಮಾತ್ರ ತೃಪ್ತಿಯಿಂದ "ಹೂಂ, ಕೂತಿದೆ" ಅಂದರಂತೆ.

ಈ ದೃಶ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬಹಳ ವರ್ಷ ನಂಬಿದ್ದೆ. ಅತ್ತೆಯ ಸೀರೆಯ ಬಣ್ಣವನ್ನೂ ಹೇಳುತ್ತಿದ್ದೆ. ಒಂದು ದಿನ ಅಮ್ಮ, "ಆಗ ನೀನು ಹುಟ್ಟೇ ಇರ್ಲಿಲ್ಲ ಕಣೇ" ಅಂದುಬಿಟ್ಟರು. ದಿನಚರಿ ಬರೆಯುವ ಅಭ್ಯಾಸ ಇಟ್ಟುಕೊಂಡವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಅಂದಿನಿಂದ ನನ್ನ ನೆನಪುಗಳನ್ನೂ ನಾನು ಒಮ್ಮೆ ಎಳೆದು ನೋಡಿಯೇ ಬಳಸುವುದು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಮುಂದೆ ಬರುವುದರಲ್ಲಿ ಮಾವ ನಿಜ, ಅವರ ಭಯ ನಿಜ, ನನ್ನ ಭಯ ಅದಕ್ಕಿಂತ ನಿಜ. ಉಳಿದ ವಿವರಗಳಿಗೆ ಅರ್ಧ ನಾನು ಹೊಣೆ, ಅರ್ಧ ಅತ್ತೆ.

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಮಾವನ ಮನೆ. ಅದರ ಮಹಡಿಯ ಮೇಲೆ ನಾನು, ನನ್ನ ಗಂಡ ಮತ್ತು ಆರು ವರ್ಷದ ನಮ್ಮ ಮಗಳು ಬಾಡಿಗೆಗಿದ್ದೇವೆ. ಮಾವ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಅವರ ಈ ಸ್ವಭಾವಕ್ಕೆ ಡಾಕ್ಟರುಗಳ ಬಳಿ ಏನಾದರೂ ದೊಡ್ಡ ಹೆಸರು ಇದ್ದೀತು. ನಮ್ಮ ಮನೆಯಲ್ಲಿ ಅದಕ್ಕೆ 'ಇನ್ನೊಂದ್ಸಲ' ಎಂದಷ್ಟೇ ಹೆಸರು. ಎಲ್ಲಿಗೆ ಹೊರಟರೂ ಬೀಗ ಹಾಕುತ್ತಾರೆ, ಬೀಗಕ್ಕೆ ಜೋತುಬಿದ್ದು ಎಳೆಯುತ್ತಾರೆ, ಬೀದಿಯ ತಿರುವಿನ ತನಕ ಹೋಗುತ್ತಾರೆ. ಅಲ್ಲಿ ನಿಲ್ಲುತ್ತಾರೆ. ಒಳಗೆ ಯಾರೋ ಕರೆದ ಹಾಗೆ ಮುಖ ಬದಲಾಗುತ್ತದೆ. "ಇನ್ನೊಂದ್ಸಲ ನೋಡ್ಕೊಂಡು ಬಂದ್ಬುಡ್ತೀನಿ" ಎಂದು ವಾಪಸ್ಸು ಹೊರಡುತ್ತಾರೆ. ಮತ್ತೆ ಜೋತುಬೀಳುತ್ತಾರೆ.

ಹೀಗೆ ಎಳೆಸಿಕೊಂಡು ಎಳೆಸಿಕೊಂಡು ಆ ಬಾಗಿಲಿನ ಚಿಲಕ ಒಂದು ದಿನ ಬೀಗದ ಸಮೇತ ಕಿತ್ತು ಅವರ ಕೈಗೇ ಬಂತು. ಯಾವ ಕಳ್ಳನೂ ಮಾಡಲಾಗದ ಕೆಲಸ. ಮಾವನಿಗೆ ನಾಚಿಕೆಯಾಗಿರಬೇಕು ಅಂದುಕೊಂಡಿರಾ? ಅದನ್ನು ಅತ್ತೆಯ ಮುಖದ ಮುಂದೆ ಹಿಡಿದು, "ನೋಡಿದ್ಯಾ, ಇದು ಭದ್ರ ಇಲ್ಲ ಅಂತ ನಾನು ಹೇಳ್ತಾನೇ ಇರ್ಲಿಲ್ವಾ?" ಅಂದರು. ಒಂದು ಜೀವಮಾನದ ಸಂಶಯಕ್ಕೆ ಕೊನೆಗೂ ಪುರಾವೆ ಸಿಕ್ಕಿತ್ತು!

ನಮ್ಮ ಬೀದಿಯ ಆಟೊದವನು ಇದಕ್ಕೆ ಹೊಂದಿಕೊಂಡುಬಿಟ್ಟಿದ್ದಾನೆ. ಮಾವ ಹತ್ತಿ ಕೂತರೆ ಅವನು ತಿರುವಿನ ತನಕ ಹೋಗಿ, ಕೇಳದೆಯೇ ಗಾಡಿ ತಿರುಗಿಸಿಕೊಂಡು ಬಂದು ಮತ್ತೆ ಮನೆ ಮುಂದೆ ನಿಲ್ಲಿಸುತ್ತಾನೆ. ಮಾವ ಇಳಿದು ನೋಡಿ ಬರುತ್ತಾರೆ. ಆಮೇಲೆ ಅವನು ಮೀಟರ್ ಹಾಕುತ್ತಾನೆ. "ಮೊದಲ್ನೇದು ನನ್ ಲೆಕ್ಕ ಸಾರ್, ದೇವಸ್ಥಾನ ಸುತ್ತಿದಂಗೆ" ಎನ್ನುತ್ತಾನೆ.

ದಸರಾದಲ್ಲಂತೂ ಮಾವನನ್ನು ನೋಡಲಾಗುವುದಿಲ್ಲ. ಊರಿಗೆ ಊರೇ ಜಂಬೂಸವಾರಿ ನೋಡಿ ಕೈಮುಗಿಯುವ ಹೊತ್ತಿನಲ್ಲಿ ಇವರು ಟಿವಿಯ ಮುಂದೆ ಬೆವರುತ್ತ ಕೂತಿರುತ್ತಾರೆ. ಅಂಬಾರಿ ಎಡಕ್ಕೆ ವಾಲಿದರೆ ಇವರು ಬಲಕ್ಕೆ ವಾಲುತ್ತಾರೆ. "ಹಗ್ಗ ಕಟ್ಟಿದಾರೆ, ಸರಿ. ಕಟ್ಟಿದ್ಮೇಲೆ ಯಾರಾದ್ರೂ ಇನ್ನೊಂದ್ಸಲ ಎಳೆದು ನೋಡಿದಾರಾ ಅಂತ?" ಎಂದು ಪ್ರತಿ ವರ್ಷ ಕೇಳುತ್ತಾರೆ. ಆನೆ ಬನ್ನಿಮಂಟಪ ಸೇರಿತು ಎಂದು ಟಿವಿಯವರು ಹೇಳಿದ ಮೇಲೆಯೇ ಇವರು ಕಾಫಿ ಕುಡಿಯುವುದು. ನಾಡದೇವತೆಯ ಬಗ್ಗೆ ಭಕ್ತಿ ಇಲ್ಲ ಅಂತಲ್ಲ. ಹಗ್ಗದ ಬಗ್ಗೆ ಇಲ್ಲ.

ಇದು ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ವಂಶದಲ್ಲಿ ಒಂದು ಕಥೆ ಇದೆ. ನಮ್ಮ ಮುತ್ತಜ್ಜ ಅರಮನೆಯ ಯಾವುದೋ ಉಗ್ರಾಣದ ಬೀಗದಕೈ ಇಟ್ಟುಕೊಂಡಿದ್ದರಂತೆ. ಒಂದು ಸಂಜೆ ಬೀಗ ಹಾಕಲು ಮರೆತರು, ಅದರ ಭಯ ರಕ್ತಕ್ಕೆ ಇಳಿಯಿತು ಎಂದು ಅಮ್ಮ ಹೇಳುತ್ತಾರೆ. ಒಂದು ದಿನವೂ ಮರೆಯಲಿಲ್ಲ, ಅದರ ಹೆಮ್ಮೆ ರಕ್ತಕ್ಕೆ ಇಳಿಯಿತು ಎಂದು ಮಾವ ಹೇಳುತ್ತಾರೆ. ಮುತ್ತಜ್ಜ ಉಗ್ರಾಣದಲ್ಲೇ ಇರಲಿಲ್ಲ, ಕುದುರೆ ಲಾಯದಲ್ಲಿದ್ದರು ಎಂದು ಅತ್ತೆ ಹೇಳುತ್ತಾರೆ. ಭಯ ಇಳಿದದ್ದು ಮಾತ್ರ ಸುಳ್ಳಲ್ಲ. ನನಗೂ ಇಳಿದಿದೆ. ಕುಕ್ಕರ್ ಕೂಗಿದರೆ ಭಯ, ಕೂಗದಿದ್ದರೆ ಇನ್ನೂ ಭಯ. ಮಗಳ ಶಾಲೆಯ ನಂಬರಿನಿಂದ ಫೋನ್ ಬಂದರೆ "ಹಲೋ" ಅನ್ನುವ ಮೊದಲೇ ನನ್ನ ಕಣ್ಣಲ್ಲಿ ನೀರು. ಅವರು ಹೇಳುವುದು ನಾಳೆ ಬಣ್ಣದ ಕಾಗದ ಕಳಿಸಿ ಅಂತ.

ಮಾನಸಗಂಗೋತ್ರಿಯಲ್ಲಿ ನಾನು ಓದಿದ್ದು ತತ್ತ್ವಶಾಸ್ತ್ರ. ಎಲ್ಲ ತಿಳಿವಳಿಕೆಯೂ ಸಂಶಯದಿಂದ ಶುರುವಾಗುತ್ತದೆ ಎಂದು ಪುಟಗಟ್ಟಲೆ ಬರೆದು ಪಾಸಾದವಳು. ನಂಬಿಕೆ ಎನ್ನುವುದು ಏನು, ಅದಕ್ಕೆ ಆಧಾರ ಬೇಕೋ ಬೇಡವೋ ಎಂದು ಈಗ ಕಾಲೇಜಿನಲ್ಲಿ ಪಾಠ ಬೇರೆ ಮಾಡುತ್ತೇನೆ. ಅಂಥವಳ ಹೊಟ್ಟೆಯಲ್ಲಿ, ಅಂಥ ವಂಶದಲ್ಲಿ, ಭಯವೇ ಇಲ್ಲದ ಒಂದು ಮಗು ಹುಟ್ಟಿದೆ.

ನಮ್ಮ ಮಗಳಿಗೆ ಮೂರು ವರ್ಷವಾಗಿದ್ದಾಗ, ಮನೆ ಮುಂದಿನ ಕಾಂಪೌಂಡ್ ಗೋಡೆ ಹತ್ತಿ ನಿಂತು "ತಾತ" ಎಂದು ಕೂಗಿದಳು. ಮಾವ ಪೇಪರಿನಿಂದ ತಲೆ ಎತ್ತುವಷ್ಟರಲ್ಲಿ ಹಾರಿಯೇಬಿಟ್ಟಳು. ಅವರ ಕೈ ಚಾಚಿದೆಯೋ, ಕನ್ನಡಕ ಹಾಕಿಕೊಂಡಿದ್ದಾರೋ, ಒಂದನ್ನೂ ನೋಡಲಿಲ್ಲ. ಪೇಪರು, ಕನ್ನಡಕ, ಮಗು ಮೂರೂ ಒಟ್ಟಿಗೆ ಅವರ ಎದೆಯ ಮೇಲೆ ಬಿದ್ದವು. ಮಾವ ಅರ್ಧ ಗಂಟೆ ನಡುಗುತ್ತ ಕೂತಿದ್ದರು. ನಾನು ಒಂದು ಗಂಟೆ. ಅವಳು ಅಷ್ಟರಲ್ಲಿ ಮತ್ತೆ ಗೋಡೆ ಹತ್ತಿದ್ದಳು. "ಹಿಡೀದೇ ಇದ್ದಿದ್ರೆ?" ಎಂದು ನಾನು ಗದರಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಾತ ಇರುವುದೇ ಹಿಡಿಯುವುದಕ್ಕೆ ಎನ್ನುವ ಹಾಗೆ ನನ್ನನ್ನು ನೋಡಿದಳು. ಆಧಾರದ ಬಗ್ಗೆ ನಾನು ಮಾಡುವ ಪಾಠ ಅವತ್ತು ಕಾಂಪೌಂಡ್ ಗೋಡೆಯಿಂದ ಬಿದ್ದದ್ದು, ಇನ್ನೂ ಎದ್ದಿಲ್ಲ.

ಬೆಳಿಗ್ಗೆ ಅವಳನ್ನು ಶಾಲೆಗೆ ಬಿಡುವ ಕೆಲಸ ಮಾವನದು. ಗೇಟಿನೊಳಗೆ ಕಳಿಸಿ, ರಸ್ತೆಯ ತಿರುವಿಗೆ ಹೋಗಿ, ಅಲ್ಲಿಂದ ವಾಪಸ್ಸು ಬಂದು, ಮಗು ಒಳಗೇ ಇದೆಯಾ ಎಂದು ನೋಡಿ ಆಮೇಲೆ ಮನೆಗೆ ಬರುತ್ತಾರೆ. ಒಂದು ದಿನ ಅವಳ ಮಿಸ್ಸು ನನ್ನನ್ನು ಕರೆಸಿ, ಬೆಲ್ ಆದರೂ ನಿಮ್ಮ ಮಗಳು ಗೇಟಿನ ಹತ್ತಿರವೇ ನಿಂತಿರುತ್ತಾಳೆ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಮೆಲುದನಿಯಲ್ಲಿ ಕೇಳಿದರು. ಮನೆಗೆ ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನು ಕಷ್ಟ ಕಂದಾ ಎಂದು ವಿಚಾರಿಸಿದೆ. ಕಷ್ಟವೂ ಇಲ್ಲ, ಏನೂ ಇಲ್ಲ. ತಾತ ಎರಡನೇ ಸಲ ಬಂದಾಗ ಟಾಟಾ ಮಾಡಬೇಕಲ್ಲ, ಅದಕ್ಕೆ ನಿಲ್ಲುತ್ತಾಳಂತೆ! ಮೊದಲನೇ ಸಲ ಮಾಡಿದರೆ ಸಾಲದೇ ಎಂದೆ. "ಅದು ಸುಮ್ನೆ" ಅಂದಳು. ನಾವೆಲ್ಲ ನಕ್ಕೆವು. ಮಾವ ಮಾತ್ರ ನಗಲಿಲ್ಲ, ಟವೆಲಿನಿಂದ ಕನ್ನಡಕ ಒರೆಸಿಕೊಂಡರು.

ಈಗ ಆ ಸಂಜೆಗೆ ಬರುತ್ತೇನೆ. ಬರುವುದಕ್ಕೆ ಭಯ, ಅದಕ್ಕೇ ಇಷ್ಟು ಸುತ್ತಿಕೊಂಡು ಬಂದೆ.

ಶ್ರೀರಾಂಪುರ ದಾಟಿ, ಊರು ಮುಗಿಯುವ ಕಡೆ ಹೊಸ ಬಡಾವಣೆಯೊಂದರಲ್ಲಿ ನಾವು ಮನೆ ಕಟ್ಟಿಸುತ್ತಿದ್ದೇವೆ. ಸುತ್ತ ಖಾಲಿ ಸೈಟುಗಳು, ಆಳೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಅರ್ಧ ಎದ್ದ ಗೋಡೆ. ಅದರಾಚೆ ಕುರುಚಲು ಕಾಡು. ಕೆಲವು ವಾರಗಳಿಂದ ಆ ಕಡೆ ಚಿರತೆ ಓಡಾಡುತ್ತಿದೆ ಎಂಬ ಸುದ್ದಿ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಚಿರತೆ. ಒಂದು ಫೋಟೊದ ಹಿಂದೆ ಹಿಮ ಬಿದ್ದಿತ್ತು. ಮೈಸೂರಿನಲ್ಲಿ ಹಿಮ ಎಲ್ಲಿ ಬೀಳುತ್ತದೆ ಎಂದು ನಾವು ನಕ್ಕೆವು. ಆದರೆ ಮರುದಿನ ನಮ್ಮ ಸೈಟಿನ ಮರಳಿನ ರಾಶಿಯ ಮೇಲೆ ಒಂದು ಹೆಜ್ಜೆ ಗುರುತು ಇತ್ತು. ನಾಯಿಯದು ಎಂದು ನನ್ನ ಗಂಡ. ನಾಯಿಯದಾದರೆ ಉಗುರಿನ ಗುರುತು ಇರಬೇಕಿತ್ತು ಎಂದು ಮೇಸ್ತ್ರಿ. ನಾನು ಅದರ ಮೇಲೆ ಎರಡು ಬಾಣಲಿ ಮರಳು ಸುರಿಸಿದೆ. ಕಾಣದಿದ್ದರೆ ಭಯ ಕಡಿಮೆಯಾದೀತು ಎಂದು. ಆಗಲಿಲ್ಲ.

ಇಂಥ ಸಮಯದಲ್ಲಿ ಮುಂಬಾಗಿಲ ಚೌಕಟ್ಟು ನಿಲ್ಲಿಸುವ ಪೂಜೆ ಬಂತು. ಅತ್ತೆ ಪುರೋಹಿತರ ಹತ್ತಿರ ಮುಹೂರ್ತ ಇಡಿಸಿಕೊಂಡು ಬಂದರು: ಗೋಧೂಳಿ ಲಗ್ನ. ಬೆಳಿಗ್ಗೆ ಯಾವುದೂ ಇರಲಿಲ್ಲವೇ ಎಂದು ನಾನು ಕೇಳಿದೆ. ಬೆಳಿಗ್ಗೆ ಇದ್ದವು, ಆದರೆ ಮನೆಯ ಯಜಮಾನನ, ಅಂದರೆ ನನ್ನ ಗಂಡನ, ನಕ್ಷತ್ರಕ್ಕೆ ಇದೇ ಪ್ರಶಸ್ತವಂತೆ. "ಚಿರತೆ ನಕ್ಷತ್ರಕ್ಕೂ ಅದೇ ಪ್ರಶಸ್ತ" ಅಂದರು ಮಾವ. ಅತ್ತೆ ದುರುಗುಟ್ಟಿಕೊಂಡು ನೋಡಿದರು. ಅಲ್ಲಿಗೆ ಮುಗಿಯಿತು.

ಪೂಜೆ ಚೆನ್ನಾಗಿಯೇ ಆಯಿತು. ತೇಗದ ಚೌಕಟ್ಟಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಮಾವಿನೆಲೆ ಕಟ್ಟಿ, ಅಡಿಯಲ್ಲಿ ನವಧಾನ್ಯ ಹಾಕಿ ನಿಲ್ಲಿಸಿದರು. ಎರಡು ಕಡೆ ಕಂಬಿಯ ಆಸರೆ ಕೊಟ್ಟ ಮೇಲೆ ಮೇಸ್ತ್ರಿ ಎಲ್ಲರಿಗೂ ಕೇಳುವ ಹಾಗೆ, "ಸಿಮೆಂಟು ಇಡ್ಯೋ ಗಂಟ ಯಾರೂ ಮುಟ್ಬಾರ್ದು. ಅದ್ರಲ್ಲೂ ಯಜಮಾನ್ರು" ಎಂದು ಮಾವನ ಕಡೆ ನೋಡಿದ. ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವರ ಸಂಕಟ ಯಾರಿಗೂ ಬೇಡ. ಬಾಗಿಲೇ ಇಲ್ಲದ ಚೌಕಟ್ಟು. ಚಿಲಕವಿಲ್ಲ, ಬೀಗವಿಲ್ಲ. ಎಳೆದು ನೋಡಲು ಇದ್ದದ್ದು ಅದೊಂದೇ, ಅದನ್ನೂ ಮುಟ್ಟಬಾರದು!

ಕೆಲಸದವರು ಬಾಳೆಹಣ್ಣು, ಸಿಹಿ ತೆಗೆದುಕೊಂಡು ಹೊರಟರು. ಸೂರ್ಯ ಮುಳುಗಿದ್ದ. ನಮ್ಮ ಕಾರಿನಲ್ಲಿ ಪುರೋಹಿತರನ್ನು ಬಿಟ್ಟು ಹೋಗುವುದೆಂದು, ಮಾವ ಅತ್ತೆ ನಮ್ಮ ಬೀದಿಯ ಆಟೊದಲ್ಲಿ ಬರುವುದೆಂದು ಮಾತಾಗಿತ್ತು. ನಾನು ಪೂಜೆಯ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಅಷ್ಟರಲ್ಲಿ ನನ್ನ ಗಂಡನ ಫೋನಿಗೆ ಗುಂಪಿನಿಂದ ಯಾರದೋ ಧ್ವನಿ ಬಂತು: ಈಗ ತಾನೇ ಹಿಂದಿನ ರಸ್ತೆಯಲ್ಲಿ ಚಿರತೆ ದಾಟಿತು, ಯಾರೂ ಹೊರಗೆ ಇರಬೇಡಿ. ಏದುಸಿರಿನಲ್ಲಿ ಹೇಳಿದ್ದರು. ಅದೇ ಹೊತ್ತಿಗೆ, ಇಷ್ಟು ಹೊತ್ತು ಬೊಗಳುತ್ತಿದ್ದ ನಾಯಿಗಳು ಒಟ್ಟಿಗೆ ಸುಮ್ಮನಾದವು. ಅಥವಾ ಆಮೇಲೆ ನನ್ನ ನೆನಪು ಅವುಗಳನ್ನು ಸುಮ್ಮನಾಗಿಸಿತೋ, ಗೊತ್ತಿಲ್ಲ. ನಾಯಿಗಳು ಇರಲೇ ಇಲ್ಲ ಎಂದು ನನ್ನ ಗಂಡ ಹೇಳುತ್ತಾರೆ.

ಆಮೇಲಿನದೆಲ್ಲ ಕ್ಷಣದಲ್ಲಿ ಆಯಿತು. ಪುರೋಹಿತರು ಮಡಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಮುಂದಿನ ಸೀಟಿಗೆ ನುಗ್ಗಿದರು. ನಾನು ಹಿಂದೆ ಚೀಲಗಳ ನಡುವೆ. ಕಾರು ತಿರುಗುವಾಗ ಕಿಟಕಿಯಿಂದ ನೋಡಿದೆ. ಮಾವ ಒಂದು ಕಾಲು ಆಟೊದಲ್ಲಿ, ಒಂದು ಕಾಲು ನೆಲದಲ್ಲಿ ಇಟ್ಟುಕೊಂಡು ಮನೆಯ ಕಡೆ ತಿರುಗಿ ನಿಂತಿದ್ದರು.

"ಇನ್ನೊಂದ್ಸಲ ನೋಡ್ಕೊಂಡು ಬಂದ್ಬುಡ್ತೀನಿ."

"ಬಾಗಿಲೇ ಇಲ್ದಿರೋ ಮನೇಲಿ ಏನ್ರೀ ನೋಡ್ತೀರ?" ಅತ್ತೆ ಆಟೊದೊಳಗಿನಿಂದ ಅವರ ಅಂಗಿ ಹಿಡಿದು ಜಗ್ಗಿದರು. "ಜೀವಮಾನದಲ್ಲಿ ಇವತ್ತೊಂದು ದಿನ ನಂಬಿ. ಹತ್ತಿ."

ಆಟೊದವನು, ಎಂದೂ ಬೇಡ ಅನ್ನದವನು, ಅವನೂ "ಬೇಡಿ ಸಾರ್" ಅಂದ. ಮಾವ ಒಂದು ಕ್ಷಣ ನಿಂತರು. ಆಮೇಲೆ ಹತ್ತಿ ಕೂತರು. ನಾನು ಅವರನ್ನು ಕಂಡಾಗಿನಿಂದ ಅವರು ತಿರುಗಿ ಹೋಗದೆ ಎಲ್ಲಿಂದಾದರೂ ಹೊರಟದ್ದು ಅದೇ ಮೊದಲು.

ಮಗಳು ಎಲ್ಲಿ ಎಂದು ನೀವು ಕೇಳುತ್ತಿದ್ದೀರಿ. ನಾವು ಯಾರೂ ಕೇಳಲಿಲ್ಲ. ಅವಳು ಯಾವಾಗಲೂ ತಾತನ ಜೊತೆ ಇರುವವಳು, ಆಟೊದಲ್ಲಿದ್ದಾಳೆ ಎಂದು ನಾವು. ಇಂಥ ಹೊತ್ತಿನಲ್ಲಿ ಮಗುವನ್ನು ತಾಯಿ ಬಿಟ್ಟಿರುತ್ತಾಳೆಯೇ, ಕಾರಿನಲ್ಲಿದ್ದಾಳೆ ಎಂದು ಅವರು. ಎಲ್ಲರೂ ಒಬ್ಬರನ್ನೊಬ್ಬರು ಪೂರ್ತಿ ನಂಬಿದ್ದೆವು.

ರಿಂಗ್ ರಸ್ತೆಯ ಹತ್ತಿರ ಬೀದಿ ದೀಪಗಳು ಬಂದವು, ಅಂಗಡಿಗಳು ಬಂದವು. ಉಸಿರು ಬಿಟ್ಟು ಕಾರು ನಿಲ್ಲಿಸಿದೆವು. ಆಟೊ ಪಕ್ಕಕ್ಕೆ ಬಂದು ನಿಂತಿತು. ಮಗಳಿಗೆ ಸ್ವೆಟರ್ ಕೊಡೋಣ ಎಂದು ನಾನು ಇಳಿದೆ. ಆಟೊದ ಹಿಂದಿನ ಸೀಟಿನಲ್ಲಿ ಎರಡೇ ತಲೆಗಳು.

"ಪುಟ್ಟಿ ನಿಮ್ ಜೊತೆ ಇಲ್ವಾ?" ಎಂದು ಅತ್ತೆ ಕೇಳಿದರು. ಅದನ್ನೇ ಕೇಳಲು ನಾನು ಬಾಯಿ ತೆರೆದಿದ್ದೆ.

ಆ ಕ್ಷಣವನ್ನು ಬರೆಯಲು ನಾನು ಎಷ್ಟೋ ಸಲ ಕೂತಿದ್ದೇನೆ. ದಿನಚರಿಯಲ್ಲಿ ಅವತ್ತಿನ ಪುಟ ಖಾಲಿ ಇದೆ. ಸ್ವೆಟರಿನ ಒಂದು ಗುಂಡಿ ಸಡಿಲವಾಗಿತ್ತು, ಅದನ್ನು ನಾನು ತಿರುಗಿಸುತ್ತಿದ್ದೆ ಎಂಬುದು ನೆನಪಿದೆ. ನನ್ನ ಗಂಡ ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. ಮಾವ ಆಗಲೇ ಆಟೊದಿಂದ ಇಳಿದು ಬಂದ ದಾರಿಯಲ್ಲಿ ಓಡುತ್ತಿದ್ದರು. ಬೀಗ ಹಾಕಿದ ಮನೆಯೊಳಗೂ ಹಲ್ಲಿಗೆ ಹೆದರುವ ಮನುಷ್ಯ, ಎಪ್ಪತ್ತರ ಹತ್ತಿರದ ವಯಸ್ಸು, ಒಂದು ಚಪ್ಪಲಿ ರಸ್ತೆಯಲ್ಲೇ ಬಿಟ್ಟು, ಚಿರತೆ ಇರುವ ಕಡೆಗೆ ಒಬ್ಬರೇ ಓಡುತ್ತಿದ್ದರು. ಆಟೊದವನು ಗಾಡಿ ತಿರುಗಿಸಿಕೊಂಡು ಹೋಗಿ ಅವರ ತೋಳು ಹಿಡಿದು ಹತ್ತಿಸಿಕೊಂಡ. ಅವನು ಗಾಡಿ ತಿರುಗಿಸುವಷ್ಟರಲ್ಲಿ ಅತ್ತೆ ಇಳಿದು ಕಾರು ಹತ್ತಿದ್ದರು, ನಾನು ಆಟೊ ಹತ್ತಿದ್ದೆ. ಕೈಯಲ್ಲಿ ಪೂಜೆಯ ಚೀಲ ಇತ್ತು, ಯಾಕೋ ಅದನ್ನೂ ಹಿಡಿದುಕೊಂಡೇ. ಹಿಂದೆ ಕಾರು ಬರುತ್ತಿತ್ತು.

ಮೇಸ್ತ್ರಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾನೆ ಎಂದು ಹೆಣ್ಣು ದನಿಯೊಂದು ಶಾಂತವಾಗಿ ಹೇಳಿತು. ಚಿರತೆಯೊಂದೇ ಆಗಿದ್ದರೆ ನಾನು ಚಿರತೆಗೆ ಮಾತ್ರ ಹೆದರುತ್ತಿದ್ದೆ. ಸೈಟಿನಲ್ಲಿ ಮುಚ್ಚಳ ಇಲ್ಲದ ನೀರಿನ ಸಂಪು ಇತ್ತು, ಹಲಗೆ ಅಡ್ಡ ಇಟ್ಟಿದ್ದರು. ಹಲಗೆ ಇಟ್ಟಿದ್ದರೇ? ನೋಡಿದ್ದೆನೇ? ನೋಡಿದ ಹಾಗೆ ನೆನಪು. ನನ್ನ ನೆನಪು! ತಾಳಿ ಎಳೆದದ್ದನ್ನು ಹುಟ್ಟುವ ಮೊದಲೇ ನೋಡಿದ ನೆನಪು!

ಮಾವ ನನ್ನ ಚೀಲಕ್ಕೆ ಕೈ ಹಾಕಿ ಪೂಜೆಯ ಗಂಟೆ ತೆಗೆದರು. ಆಟೊದಿಂದ ಅರ್ಧ ಮೈ ಹೊರಗೆ ಚಾಚಿ ಅದನ್ನು ಬಾರಿಸತೊಡಗಿದರು. ಚಿರತೆ ಹೆದರಲಿ ಎಂದೋ, ಮಗುವಿಗೆ ಕೇಳಲಿ ಎಂದೋ, ಯಾರಿಗೆ ಗೊತ್ತು. ಬೇರೆ ದಿನವಾಗಿದ್ದರೆ ಇದನ್ನು ಹೇಳಿ ಹೇಳಿ ನಾವು ಒಂದು ವರ್ಷ ನಗುತ್ತಿದ್ದೆವು: ಆಳೆತ್ತರದ ಹುಲ್ಲಿನ ನಡುವೆ ಮಂಗಳಾರತಿಯ ಸದ್ದು ಮಾಡುತ್ತ ಓಡುವ ಆಟೊ. ಅತ್ತ ಇತ್ತ ಎಲ್ಲ ಬರೀ ಹುಲ್ಲು. ಗಾಳಿಗೆ ಅದು ಅಲ್ಲಾಡಿದ ಕಡೆಯಲ್ಲೆಲ್ಲ ನಾನು ಸಾಯುತ್ತಿದ್ದೆ.

ಆಟೊದ ದೀಪ ಮನೆಯ ಮೇಲೆ ಬಿತ್ತು. ಚೌಕಟ್ಟು ಕಂಡಿತು. ಅದರ ಮಧ್ಯೆ, ಹೊಸ್ತಿಲಿನ ಒಳಗಡೆ, ನಮ್ಮ ಮಗಳು ನೆಟ್ಟಗೆ ನಿಂತಿದ್ದಳು. ದೀಪ ಕಣ್ಣಿಗೆ ಹೊಡೆದದ್ದಕ್ಕೆ ಒಂದು ಕೈ ಹುಬ್ಬಿನ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಟಾಟಾ ಮಾಡುತ್ತಿದ್ದಳು.

ಆಟೊ ನಿಲ್ಲುವ ಮೊದಲೇ ಮಾವ ಇಳಿದಿದ್ದರು. ಹೊಸ್ತಿಲ ತನಕ ಓಡಿದರು, ಅಲ್ಲಿಂದ ಮುಂದೆ ಅವರ ಕಾಲು ಬರಲಿಲ್ಲ. ಬೀಳದಿರಲೆಂದು ಎರಡೂ ಕೈಗಳಿಂದ ಚೌಕಟ್ಟನ್ನು ಹಿಡಿದುಕೊಂಡರು. ಮುಟ್ಟಬಾರದ ಚೌಕಟ್ಟು, ಅದು ಅವರ ಭಾರಕ್ಕೆ ಕೊಂಚ ವಾಲಿತು. ಈಗಲೂ ಹಾಗೇ ಇದೆ. ಬಾಗಿಲು ಕೂರಿಸಲು ಬಂದ ಬಡಗಿ ಅಳತೆ ಸರಿಯಿಲ್ಲ ಎಂದು ಗೊಣಗಿದ. ಹಾಗೇ ಇರಲಿ ಎಂದೆವು.

"ಯಾಕ್ ತಾತ ಇಷ್ಟ್ ಹೊತ್ತು?" ಎಂದು ಅವಳು ಕೇಳಿದಳು. ಹಿಂದಿನ ಕೋಣೆ ನಿನ್ನದು ಎಂದು ಬೆಳಿಗ್ಗೆ ಯಾರೋ ಹೇಳಿದ್ದರಂತೆ. ಅಲ್ಲಿ ಇಟ್ಟಿಗೆ ಜೋಡಿಸಿ ಮಂಚ ಮಾಡುತ್ತಿದ್ದಳಂತೆ. ಹೊರಗೆ ಬಂದು ನೋಡಿದರೆ ಯಾರೂ ಇಲ್ಲ. ಹೊಸ್ತಿಲ ಮೇಲೆ ಕೂರಬಾರದು ಎಂದು ಅಜ್ಜಿ ಹೇಳಿದ್ದಕ್ಕೆ ನಿಂತೇ ಇದ್ದಳಂತೆ.

ನಾನು ಅವಳನ್ನು ಅಪ್ಪಿಕೊಂಡು, ಬೈದು, ಮತ್ತೆ ಅಪ್ಪಿಕೊಂಡು, "ಭಯ ಆಗ್ಲಿಲ್ವಾ ಕಂದಾ?" ಎಂದು ಕೇಳಿದೆ.

"ಆಯ್ತು. ಆದ್ರೆ ತಾತ ಇನ್ನೊಂದ್ಸಲ ನೋಡಕ್ಕೆ ಬರ್ತಾರಲ್ಲ."

"ಅಮ್ಮ ಬರ್ತಾಳೆ ಅಂತ ಅನ್ನಿಸ್ಲಿಲ್ವಾ?"

ಸುಳ್ಳು ಹೇಳುವುದು ಅವಳಿಗೆ ಇನ್ನೂ ಬರುವುದಿಲ್ಲ. "ಅಮ್ಮ, ನೀನು ಒಂದೇ ಸಲ ನೋಡೋದು" ಅಂದಳು.

ಚಿರತೆ ಅವತ್ತು ಅಲ್ಲಿ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಧ್ವನಿ ಬೇರೆ ಬಡಾವಣೆಯದು ಎಂದು ಆಮೇಲೆ ಗುಂಪಿನಲ್ಲಿ ಯಾರೋ ಹಾಕಿದರು, ಅದನ್ನು ಇನ್ಯಾರೋ ಅಲ್ಲಗಳೆದರು. ನಮ್ಮ ಮನೆಯಲ್ಲಿ ಆ ವಿಷಯ ಯಾರೂ ಮಾತಾಡಲಿಲ್ಲ. ವಾಪಸ್ಸು ಬರುವಾಗ ಆಟೊದಲ್ಲಿ ಅವಳು ಮಾವನ ತೊಡೆಯ ಮೇಲೆ ನಿದ್ದೆ ಹೋದಳು. ಮಾವನ ಒಂದು ಕೈ ಅವಳ ಹೊಟ್ಟೆಯ ಮೇಲಿತ್ತು, ಇನ್ನೊಂದರಲ್ಲಿ ಗಂಟೆ. ಅದು ಸದ್ದು ಮಾಡದಿರಲೆಂದು ಅದರ ನಾಲಿಗೆಯನ್ನು ಬೆರಳಿನಿಂದ ಹಿಡಿದುಕೊಂಡಿದ್ದರು.

ಮರುದಿನ ನಾನು ರಜೆ ಹಾಕಿ ಅವರಿಬ್ಬರ ಜೊತೆ ಶಾಲೆಯ ತನಕ ಹೋದೆ. ಒಂದು ರಾತ್ರಿಗೆ ಮಾವ ಸೊರಗಿಹೋಗಿದ್ದರು. ಮನೆಯಿಂದ ಹೊರಡುವಾಗ ಗೇಟಿನ ಚಿಲಕ ಹಾಕಿ ಸುಮ್ಮನೆ ನಡೆದುಬಿಟ್ಟಿದ್ದರು. ಎಳೆಯಲಿಲ್ಲ. ತಿರುವಿನಲ್ಲಿ ನಿಲ್ಲಲಿಲ್ಲ. ಅತ್ತೆ ಗೇಟಿನ ಒಳಗೆ ನಿಂತು ಅವರ ಬೆನ್ನನ್ನೇ ನೋಡುತ್ತಿದ್ದರು. ಒಂದು ಜೀವಮಾನ ಬೇಡಿಕೊಂಡದ್ದು ಸಿಕ್ಕಿತ್ತು, ಸಿಕ್ಕಿದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದವರ ಮುಖ ಅದು.

ಮಗಳು ಶಾಲೆಯ ಒಳಗೆ ಹೋದಳು. ನಾವು ತಿರುಗಿ ನಡೆದೆವು. ಶಾಲೆಯ ರಸ್ತೆಯ ತಿರುವೂ ಬಂತು. ಮಾವ ತಲೆ ತಗ್ಗಿಸಿಕೊಂಡು ನಡೆಯುತ್ತಲೇ ಇದ್ದರು.

"ಮಾವ, ನೋಡ್ಕೊಂಡು ಬರಲ್ವಾ?"

"ಏನು ನೋಡಿ ಏನು ಬಂತಮ್ಮ" ಅಂದರು. ನನ್ನ ಮುಖ ನೋಡಲಿಲ್ಲ. "ಚಿಲಕ ನೋಡ್ದೆ, ಗ್ಯಾಸ್ ನೋಡ್ದೆ, ಆನೆ ಹಗ್ಗ ನೋಡ್ದೆ. ನೋಡ್ಬೇಕಾದ ದಿನ ಆಟೊ ಹತ್ತಿ ಕೂತ್ಬುಟ್ಟೆ."

ನಾನು ಅವರ ಕೈ ಹಿಡಿದುಕೊಂಡೆ. ಚಿಕ್ಕವಳಿದ್ದಾಗ ಹಿಡಿದಿರಬೇಕು, ನೆನಪಿಲ್ಲ. ಬೀಗ ಎಳೆದೂ ಎಳೆದೂ ಅಂಗೈ ಒರಟಾಗಿತ್ತು. ಆ ಕೈಯನ್ನು ಮೆಲ್ಲಗೆ ಎಳೆದು, "ಬನ್ನಿ ಮಾವ, ಇನ್ನೊಂದ್ಸಲ ನೋಡ್ಕೊಂಡು ಬಂದ್ಬುಡೋಣ" ಅಂದೆ.

ಬೆಲ್ ಆಗಿತ್ತು. ಅಂಗಳ ಖಾಲಿಯಾಗಿತ್ತು. ಗೇಟಿನ ಕಂಬಿಗಳ ಹಿಂದೆ, ಬೆನ್ನಿಗೆ ಬ್ಯಾಗು ಹಾಕಿಕೊಂಡು, ಅವಳೊಬ್ಬಳೇ ನಿಂತಿದ್ದಳು. ನಾವು ಬರುವ ದಿಕ್ಕನ್ನೇ ನೋಡುತ್ತ, ಕೈ ಆಗಲೇ ಮೇಲೆತ್ತಿಕೊಂಡು.